ಬೇರೆಡೆ ಅಷ್ಟೇ ಹಸಿರು

ಪಟ್.

ಬಟಾಣಿ ಕಾಯಿ ಬಾಯಿಬಿಟ್ಟಷ್ಟು ಸಣ್ಣ ಸದ್ದು. ನಡುರಾತ್ರಿ ಎಚ್ಚರಗೊಂಡ ಅವಳು ಉಸಿರು ಬಿಗಿಹಿಡಿದು ಕೇಳಿದಳು. ಗಂಡ ಪರವೂರಿಗೆ ಹೋಗಿದ್ದ. ಪಕ್ಕದ ಕೋಣೆಯಲ್ಲಿ ಏಳು ವರ್ಷದ ಮಗಳು ಒಬ್ಬಳೇ ಮಲಗಿದ್ದಳು. ಮತ್ತೆ ಪಟ್. ಜೊತೆಗೆ ಹಸಿಮಣ್ಣಿನ ವಾಸನೆ. ಮೂರನೇ ಮಹಡಿಯಲ್ಲಿ ಮಣ್ಣೆಲ್ಲಿಯದು?

ಮಧ್ಯಾಹ್ನದ ಮಾತು ನೆನಪಾಯಿತು.

ನಗರ ಯೋಜನಾ ಕಚೇರಿಗೆ ಅವಳು ಬಂದು ಮೂರು ತಿಂಗಳಾಗಿತ್ತಷ್ಟೆ. ಮುಂದಿನ ಇಪ್ಪತ್ತು ವರ್ಷ ಊರಿನ ಯಾವ ಜಾಗ ಯಾವುದಕ್ಕೆ ಎಂದು ಹೇಳುವ ನಕ್ಷೆ ಮೇಜಿನ ತುಂಬ ಹರಡಿತ್ತು. ಕಂಪ್ಯೂಟರಿನಲ್ಲಿ ಏನೇ ಮಾಡಿದರೂ ಸಹಿ ಬೀಳುವ ಮೂಲ ಪ್ರತಿಗೆ ಕೈಯಲ್ಲೇ ಬಣ್ಣ ಹಚ್ಚುವುದು ಅಲ್ಲಿನ ರೂಢಿ. ಮನೆಗೆ ಹಳದಿ, ಅಂಗಡಿಗೆ ಕೆಂಪು, ರಸ್ತೆಗೆ ಬೂದು, ಉದ್ಯಾನಕ್ಕೆ ಹಸಿರು. ನಡುವೆ ಉಗುರಿನಷ್ಟು ಒಂದು ತುಂಡು ಮಾತ್ರ ಬಿಳಿಯಾಗಿತ್ತು.

“ಅದಕ್ಕೆ ಕೈ ಹಾಕ್ಬೇಡಿ ಮೇಡಂ,” ಎಂದಿದ್ದರು ಹಳೆಯ ನಕ್ಷೆಗಾರ. ಜೇಬಿನಲ್ಲಿ ಸದಾ ಅಳಿಸುವ ರಬ್ಬರ್ ಇರುತ್ತಿದ್ದುದರಿಂದ ಕಚೇರಿಗೆಲ್ಲ ಅವರು ರಬ್ಬರ್ ಮಾಮ. ಹಿಂದೆ ಆ ಜಾಗದಲ್ಲಿ ಒಬ್ಬ ಹೆಂಗಸಿನ ಮನೆಯಿತ್ತಂತೆ. ಅವಳು ಇದೇ ಬಾಗಿಲಲ್ಲಿ ನಿಂತು ಬೇಡುತ್ತಿದ್ದಾಗಲೇ ಅದರ ಮೇಲೆ ರಸ್ತೆಯ ಬಣ್ಣ ಎಳೆದರಂತೆ. ಮನೆ ಕೆಡವಿದ ದಿನ ಅವಳು ತನ್ನ ಕೂದಲು ಸುಟ್ಟ ಬೂದಿಯನ್ನು ಕಚೇರಿಯ ಹೊಸ್ತಿಲಿಗೆ ಉಜ್ಜಿ, ಅಲ್ಲಿಗೆ ಏನು ಬಣ್ಣ ಹಚ್ಚುತ್ತೀರೋ ಅದು ನಿಮ್ಮ ನಿಮ್ಮ ಮನೆಯಲ್ಲೇ ಆಗಲಿ ಎಂದಳಂತೆ. ಬೂದು ಹಚ್ಚಿದ ಅಧಿಕಾರಿಯ ಮಲಗುವ ಕೋಣೆಗೆ ಅದೇ ವಾರ ಲಾರಿ ನುಗ್ಗಿತಂತೆ. ಆಮೇಲಿನ ನಕ್ಷೆಗಳಲ್ಲೆಲ್ಲ ಆ ತುಂಡನ್ನು ಬಿಳಿಯಾಗೇ ಬಿಟ್ಟರಂತೆ.

ಅವಳು ನಕ್ಕಿದ್ದಳು. “ಹಾಗಾದ್ರೆ ಪಾರ್ಕ್ ಮಾಡೋಣ ಮಾಮ. ಮನೇಲಿ ಎರಡು ಮರ ಬೆಳೆದ್ರೆ ಓನರ್‌ಗೇ ಲಾಭ, ನಂದು ಬಾಡಿಗೆ ಮನೆ.”

ಅವರು ನಗಲಿಲ್ಲ. ಮಾತು ಮರೆಸಲೆಂಬಂತೆ ನಕ್ಷೆಯ ಅಂಚಿನ ಹಳದಿ ಚೌಕವೊಂದನ್ನು ತೋರಿಸಿದರು. “ಇದು ನಮ್ಮನೆ. ಅಳೆದ್ರೆ ಈ ಬಿಳಿ ತುಂಡಿನಷ್ಟೇ. ಮಗಳು, ಅವಳ ಹಾಲುಗೂಸು, ನಾನು. ಅಷ್ಟು ಸಾಕು ನಮಗೆ.”

ಅವರು ಚಹಾಕ್ಕೆ ಹೋದಾಗ ಅವಳು ಕುಂಚ ಎತ್ತಿಕೊಂಡಳು. ಇನ್ನು ಇಪ್ಪತ್ತು ವರ್ಷದಲ್ಲಿ ಮಕ್ಕಳಿಗೆ ಆಡಲು ಈ ಊರಲ್ಲಿ ಗೇಣು ಜಾಗ ಉಳಿಯುವುದಿಲ್ಲ. ಅಂಥದ್ದರಲ್ಲಿ ಯಾರದೋ ಅಂಜಿಕೆಗೆ ಒಂದು ಉದ್ಯಾನ ಕಳೆದುಕೊಳ್ಳುವುದೇ? ಹಸಿರು ಹಚ್ಚಿ, ಮೇಲೆ ಹಾಳೆ ಮುಚ್ಚಿ ಬಂದಿದ್ದಳು.

ಈಗ ಮಗಳ ಕೋಣೆಯ ದೀಪ ಹಾಕಿದಳು.

ಮಗು ಕಣ್ಣು ಬಿಟ್ಟುಕೊಂಡೇ ಮಲಗಿತ್ತು. ಕೈಬೆರಳಿನ ಉಗುರೊಂದು ಪಟ್ ಎಂದು ಸೀಳಿ ಎಳೆಯ ಎಲೆ ಹೊರಬಂತು. ಹೊದಿಕೆ ಎಳೆದಳು. ಪಾದಗಳು ಕಾಣಲಿಲ್ಲ. ಹಾಸಿಗೆ ತೂರಿ, ಮಂಚ ತೂರಿ, ಬೇರುಗಳು ನೆಲದ ಸಂದು ಹುಡುಕುತ್ತಿದ್ದವು. ಒಂದನ್ನು ಹಿಡಿದು ಜಗ್ಗಿದಳು. ಮಗು ಕಿರುಚಿತು. ಬೇರಿನಿಂದ ಒಸರಿದ್ದು ರಕ್ತ.

“ಅಮ್ಮಾ, ಕಾಲಿಗೆ ನೀರು ಹಾಕು.”

ಕಚೇರಿ ಎರಡು ಬೀದಿಯಾಚೆ. ಬೆಳಗ್ಗೆ ನಕ್ಷೆಗೆ ಸಾಹೇಬರ ಸಹಿಯೆಂದು ಬೀಗದ ಕೈ ಅವಳಲ್ಲೇ ಇತ್ತು. ಓಡಿದಳು. ಬರಿಗಾಲಲ್ಲಿ ಓಡಿದಳು. ಮೇಜಿನ ಮೇಲಿದ್ದ ರಬ್ಬರಿನಿಂದ ಉಜ್ಜಿದಳು. ಹಾಳೆ ಸವೆಯಿತು, ಹಸಿರು ಸವೆಯಲಿಲ್ಲ. ಮುಟ್ಟಿದರೆ ಬೆಚ್ಚಗಿತ್ತು.

ಆಗ ನಿಯಮ ನೆನಪಾಯಿತು. ಸಭೆ ಸಭೆಯಲ್ಲೂ ಅವಳೇ ಗಿಣಿಪಾಠ ಒಪ್ಪಿಸುತ್ತಿದ್ದ ನಿಯಮ: ಒಂದೆಡೆ ಹಸಿರು ತೆಗೆದರೆ ಬೇರೆಡೆ ಅಷ್ಟೇ ಅಳತೆಯ ಹಸಿರು ಕೊಡಬೇಕು.

ಕೆರೆಯಾಚೆಯ ಪಾಳುಜಾಗಕ್ಕೆ ಹಚ್ಚಿದಳು. ಬಣ್ಣ ಕೆಸುವಿನೆಲೆಯ ಮೇಲಿನ ನೀರಿನಂತೆ ಜಾರಿತು. ಗುರುತಿಲ್ಲದ ಯಾರದೋ ಮನೆಗೆ ಹಚ್ಚಿದಳು. ಜಾರಿತು. ಶಾಪ ಕೇಳಿದ್ದು ಕಚೇರಿಯವರ ಮನೆಯನ್ನು. ನಕ್ಷೆಯಲ್ಲಿ ತನ್ನದು ಬಿಟ್ಟರೆ ಅಂಥ ಒಂದೇ ಮನೆ ಅವಳಿಗೆ ಗೊತ್ತಿತ್ತು. ಅಳತೆಯೂ ಗೊತ್ತಿತ್ತು.

ಕುಂಚ ಹಳದಿ ಚೌಕದ ಮೇಲೆ ನಿಂತಿತು. ಹಾಲುಗೂಸು, ಎಂದಿದ್ದರು. ಕಾಲಿಗೆ ನೀರು, ಎಂದಿತ್ತು ಮಗು. ಕುಂಚ ಇಳಿಯಿತು. ಬಣ್ಣ ಹಿಡಿಯಿತು. ಹಾಳೆ ಗಟಗಟ ಕುಡಿಯಿತು. ನಡುವಿನ ತುಂಡು ಮತ್ತೆ ಬೆಳ್ಳಗಾಯಿತು.

ಮನೆಗೆ ಬಂದಾಗ ಮಗಳು ಮಗ್ಗುಲಾಗಿ ನಿದ್ರಿಸುತ್ತಿದ್ದಳು. ಪಾದಕ್ಕೆ ಮಣ್ಣು ಮೆತ್ತಿತ್ತು. ಕಾಲ್ಬೆರಳುಗಳನ್ನು ಎರಡೆರಡು ಸಲ ಎಣಿಸಿದಳು. ಹತ್ತೇ ಇದ್ದವು.

ಬೆಳಗ್ಗೆ ರಬ್ಬರ್ ಮಾಮ ತಡವಾಗಿ ಬಂದರು. ಮನೆಯ ಹಾಲುಗೂಸು ರಾತ್ರಿಯಿಂದ ಹಾಲು ಮುಟ್ಟುತ್ತಿಲ್ಲವಂತೆ, ಬರೀ ನೀರಿಗೆ ಬಾಯಿ ಬಿಡುತ್ತದಂತೆ. ನಕ್ಷೆಯ ನಡುವಿನ ಬಿಳಿ ತುಂಡು ನೋಡಿ ಅವರ ಮುಖ ಅರಳಿತು, ಅಂಚಿನತ್ತ ಕಣ್ಣು ಹಾಯಿಸಲೇ ಇಲ್ಲ.

“ಸದ್ಯ, ನನ್ನ ಮಾತು ಉಳಿಸಿದ್ರಿ ತಾಯಿ.”

ಸಾಹೇಬರು ಸಹಿ ಹಾಕುವಾಗ ಎಂದಿನಂತೆ ಅವರೇ ಹಾಳೆಯನ್ನು ಅಂಗೈಯಿಂದ ಒತ್ತಿ ಹಿಡಿದರು. ಇನ್ನು ಇಪ್ಪತ್ತು ವರ್ಷ ಒಂದು ಗೆರೆಯೂ ಬದಲಾಗುವಂತಿಲ್ಲ. ಅವರ ಹೆಬ್ಬೆರಳು ಅವರ ಮನೆಯ ಮೇಲೆಯೇ ಇತ್ತು. ಎತ್ತಿದಾಗ ಅದಕ್ಕೆ ಹಸಿರು ಅಂಟಿತ್ತು.

“ಇನ್ನೂ ಒಣಗಿಲ್ಲ ನೋಡಿ,” ಎಂದು ನಕ್ಕು ಅಂಗಿಗೆ ಒರೆಸಿಕೊಂಡರು.

ಅವಳೂ ನಕ್ಕಳು. ಯಾರಿಗೂ ಹೇಳುವುದಿಲ್ಲ, ಗಂಡನಿಗೂ ಹೇಳುವುದಿಲ್ಲ ಎಂದುಕೊಂಡು ನಕ್ಷೆಯನ್ನು ಸುರುಳಿ ಸುತ್ತತೊಡಗಿದಳು.