ಸೂರಿನಡಿಯ ಹಾಲು

ಬೆಳಗಿನ ಎರಡನೇ ತಾಸಿಗೆ ಗಾರೆ ಕೆಲಸದವರ ಸಂಘದ ಹಿರಿಯನೊಬ್ಬ ಟಿಬುರ್ತಿನಾ ಬಾಗಿಲಿನ ಠಾಣೆಗೆ ಬಂದು ದೂರು ಕೊಟ್ಟ. ಹೊಸ ಕೋಟೆಗೋಡೆಯ ಮೇಸ್ತ್ರಿ ರುಬ್ರಿಯಸ್‌ನನ್ನು ಯಾರೋ ಕೊಂದಿದ್ದರು. ಹಿರಿಯ ಗುರುತು ಹಿಡಿದದ್ದು ಚಪ್ಪಲಿಯಿಂದ.

ಠಾಣಾಧಿಕಾರಿ ಆಫಿಡಿಯಸ್ ದೂರನ್ನು ದಾಖಲಿಸಿಕೊಂಡು ಪೇದೆ ಪೂಸಿಯೊನೊಂದಿಗೆ ಹೊರಟ. ಉತ್ತರದ ದಂಡು ರೋಮಿನ ಹತ್ತಿರದವರೆಗೂ ಬಂದುಹೋದ ಮೇಲೆ ಚಕ್ರವರ್ತಿಗೆ ಅವಸರವಾಗಿತ್ತು. ದಾರಿಗೆ ಸಿಕ್ಕ ಮನೆಗಳನ್ನು ಕೆಡವಿ, ಗಟ್ಟಿ ಗೋಡೆಗಳನ್ನು ಕೋಟೆಯೊಳಕ್ಕೇ ಸೇರಿಸಿ ಕಟ್ಟುತ್ತಿದ್ದರು. ಹೆಣ ಬಿದ್ದಿದ್ದು ಅಂಥದೊಂದು ಅರೆಕೆಡವಿದ ಮನೆಯ ಸೂರಿನಡಿ.

ಸಾಕ್ಷಿಗಳೆದುರು ಪಂಚನಾಮೆಯಾಯಿತು. ಮುಖ ಅಪ್ಪಚ್ಚಿಯಾಗಿತ್ತು. ಹಲ್ಲುಗಳು ಗಾರೆಯಲ್ಲಿ ಹೂತಿದ್ದವು. ಪಕ್ಕದಲ್ಲಿದ್ದ, ಗಾರೆ ಕುಟ್ಟುವ ದಿಮ್ಮಸಿನ ತಳಕ್ಕೆ ಕೂದಲು ಮೆತ್ತಿತ್ತು. ಸತ್ತ ಮೇಲೂ ಕುಟ್ಟಿದ್ದರು.

ಹಿಂದಿನ ದಿನ ರುಬ್ರಿಯಸ್‌ನಿಂದ ಚಾಟಿಯೇಟು ತಿಂದವನು ಡಾಮಾ ಎಂಬ ಗುಲಾಮ. ಆಫಿಡಿಯಸ್ ಠಾಣೆಗೆ ಮರಳುವಷ್ಟರಲ್ಲಿ, ಮುಂದಾಗಿ ಬಂದಿದ್ದ ಪೂಸಿಯೊ ಅವನ ಬೆರಳುಗಳನ್ನು ಮುರಿದಿದ್ದ.

"ಒಪ್ಕೊಂಡ ಸ್ವಾಮಿ."

"ನೀನು ಹೀಗೆ ಕೇಳಿದ್ರೆ ನಾನೂ ಒಪ್ಕೋತಿದ್ದೆ. ಯಾತ್ರಲ್ಲೋ ಹೊಡ್ದೆ, ಡಾಮಾ?"

"ಸು... ಸುತ್ತಿಗೇಲಿ."

ತಪ್ಪೊಪ್ಪಿಗೆ ಸುಳ್ಳೆಂದು ತಿಳಿದರೂ, ಬೇರೆ ಆರೋಪಿ ಸಿಗದಿದ್ದರೆ ಸಂಜೆಗೆ ಅವನಿಗೆ ಶಿಲುಬೆಯೇ ಗತಿ. ಆಫಿಡಿಯಸ್ ಮತ್ತೆ ಸ್ಥಳಕ್ಕೆ ಹೋದ. ನಾಯಿಗಳು ರಕ್ತವನ್ನು ಬಿಟ್ಟು ಬೇರೇನನ್ನೋ ನೆಕ್ಕುತ್ತಿದ್ದವು. ಒಡೆದ ಪುಟ್ಟ ಬಟ್ಟಲು, ಹುಳಿತ ಹಾಲಿನ ವಾಸನೆ. ನಲವತ್ತು ದಿನ ತುಂಬದ ಕೂಸು ಸತ್ತರೆ ಅದನ್ನು ಸ್ಮಶಾನಕ್ಕೆ ಒಯ್ಯುವುದಿಲ್ಲ, ಸೂರಿನಡಿ ಹೂಳುತ್ತಾರೆ. ಆಫಿಡಿಯಸ್‌ನ ತಾಯಿಯೂ ಹಾಗೆ ಹೂತ ಕೂಸಿಗೆ ಹಾಲೆರೆಯುತ್ತಿದ್ದಳು.

ಮನೆಯೊಡತಿ ಹಿಲಾರಾ ಎದುರಿನ ರೊಟ್ಟಿಯಂಗಡಿಯಲ್ಲಿ ಆಶ್ರಯ ಪಡೆದಿದ್ದಳು. ಎರಡೂ ಅಂಗೈಗೆ ಬಟ್ಟೆ ಸುತ್ತಿಕೊಂಡಿದ್ದಳು.

"ಕೈಗೇನಮ್ಮ?"

"ಸುಣ್ಣ ತಿಂತು."

"ಡಾಮಾನ ಇವತ್ತು ಶಿಲುಬೆಗೆ ಹಾಕ್ತಾರೆ."

ಅವಳು ಎದ್ದು ನಿಂತಳು. "ಅವನನ್ಯಾಕೆ? ನಾನು ಬರ್ತೀನಿ, ನಡೀರಿ."

ಹೇಳಿಕೆಯನ್ನು ತಡವರಿಸದೆ ಕೊಟ್ಟಳು. ಸೂರಿನಡಿ ಹೂತದ್ದು ಮೂರು ಕೂಸುಗಳನ್ನು, ಒಂದಕ್ಕೂ ಹಲ್ಲು ಬಂದಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಅವಳು ಮನೆ ಬಿಡದಿದ್ದುದೇ ಅವುಗಳಿಗಾಗಿ. ಶ್ರೀಮಂತನೊಬ್ಬನ ಗೋರಿಗೆ ಕೈ ಹಚ್ಚಬಾರದೆಂದು ರುಬ್ರಿಯಸ್ ಕೋಟೆಗೋಡೆಯನ್ನೇ ಸುತ್ತುಬಳಸಿ ಕಟ್ಟಿಸಿದ್ದ. ಸೂರಿನಡಿಯ ನೆಲ ಕಾನೂನಿಗೆ ಗೋರಿಯಲ್ಲ. ಮೂಳೆ ತೆಗೆದುಕೊಳ್ಳಲು ಒಂದು ದಿನ ಕೇಳಿದ್ದಳು. ಮುಸ್ಸಂಜೆಗೆ ಬುಟ್ಟಿ, ಹಾಲು ಹಿಡಿದು ಬಂದರೆ ಆಗಲೇ ಗಾರೆ ಸುರಿದಾಗಿತ್ತು. ಬರಿಗೈಯಲ್ಲಿ ತೋಡತೊಡಗಿದಳು.

"ಹಿಂದೆ ನಿಂತು ನಗ್ತಿದ್ದ. ಬೆಕ್ಕಿನ ಮರೀನೂ ಹಿತ್ತಲಲ್ಲಿ ಹೂಳ್ತಾರೆ ಕಣೇ, ಅದೆಲ್ಲ ಗೋರಿಯಾ ಅಂದ. ದಿಮ್ಮಸು ಕೈಗೆ ಸಿಕ್ತು."

"ಬಿದ್ದ ಮೇಲೂ ಯಾಕೆ ಕುಟ್ಟಿದೆ?"

"ನಗು ಕೇಳಿಸ್ತಾನೇ ಇತ್ತು."

ಡಾಮಾನನ್ನು ಬಿಟ್ಟರು. ಬೆರಳುಗಳು ಮತ್ತೆ ಕೂಡಲಿಲ್ಲ. ಕಾರಣದ ಜಾಗದಲ್ಲಿ ಆಫಿಡಿಯಸ್ 'ಸ್ಥಳದ ತಕರಾರು' ಎಂದಷ್ಟೇ ಬರೆದ. ಅದಕ್ಕೆ ಬೇರೆ ಪದ ಅವನಿಗೆ ಹೊಳೆಯಲಿಲ್ಲ.

ಹಿಲಾರಾಳನ್ನು ಸೆರೆಮನೆಗೆ ಒಯ್ಯುವಾಗ ಅದೇ ಗೋಡೆಯನ್ನು ಹಾಯಬೇಕಿತ್ತು. ಅವಳು ನಿಂತಳು. ಪೂಸಿಯೊ ಹಗ್ಗ ಜಗ್ಗಲು ಹೋದಾಗ ಆಫಿಡಿಯಸ್ ಅವನ ಕೈ ಹಿಡಿದ. ಮೇಲೆ ಇಬ್ಬರು ಗಾರೆಯ ಹೊಸ ಪದರ ಕುಟ್ಟುತ್ತಿದ್ದರು. ಅವಳು ತಲೆಯೆತ್ತಿ ಅವರನ್ನು ನೋಡಿದಳು.

"ಸ್ವಲ್ಪ ಮೆಲ್ಲಗೆ ಕುಟ್ರಪ್ಪ" ಅಂದಳು.