ಕೀ ಕೊಡದ ವರ್ಷ

ಆ ವರ್ಷ ಅವರು ಕೀ ಕೊಡಲಿಲ್ಲ. ಕೊಟ್ಟಿದ್ದರೆ ನಾನು ಇವತ್ತಿಗೂ ಆ ಮನುಷ್ಯನನ್ನು ಮನಸ್ಸಿನಲ್ಲೇ ಬೈದುಕೊಂಡು ಕೂತಿರುತ್ತಿದ್ದೆ.

ಆಗ ನಾನು ಪಂಪ್ ತಯಾರಿಸುವ ಕಾರ್ಖಾನೆಯೊಂದರಲ್ಲಿ ಟೂಲ್ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಕೆಲಸಗಾರರು ಕಿಟಕಿಗೆ ಬಂದು ತಮ್ಮ ನಂಬರಿನ ಹಿತ್ತಾಳೆ ಟೋಕನ್ ಕೊಟ್ಟರೆ, ಅದನ್ನು ಮೊಳೆಗೆ ನೇತುಹಾಕಿ ಬೇಕಾದ ಸಲಕರಣೆ ಕೊಡುವುದು ನನ್ನ ಕೆಲಸ. ಸಂಜೆ ಸಲಕರಣೆ ವಾಪಸ್ ಬಂದರೆ ಟೋಕನ್ ವಾಪಸ್. ಎಲ್ಲರೂ ನನ್ನನ್ನು ಟೋಕನ್ ಮೇಡಂ ಅನ್ನುತ್ತಿದ್ದರು. ಬೆನ್ನ ಹಿಂದೆ ಇನ್ನೇನು ಅನ್ನುತ್ತಿದ್ದರೋ ದೇವರಿಗೇ ಗೊತ್ತು.

ವರ್ಷದ ಕೊನೆಯ ದಿನ ಮಾತ್ರ ವ್ಯವಹಾರ ಉಲ್ಟಾ. ಮಧ್ಯಾಹ್ನ ಮಷೀನ್ ನಿಲ್ಲಿಸಿ ಕ್ಯಾಂಟೀನಿನಲ್ಲಿ ಪಾರ್ಟಿ. ಕುಡಿಯುವವರು ಮೊದಲು ನನ್ನ ಕಿಟಕಿಗೆ ಬಂದು ಗಾಡಿ ಕೀ ಕೊಟ್ಟು ಟೋಕನ್ ತೆಗೆದುಕೊಳ್ಳಬೇಕು. ಐದು ಗಂಟೆಗೆ ಕಂಪನಿ ಬಸ್ಸು ಅವರನ್ನೆಲ್ಲ ಮನೆ ಮುಟ್ಟಿಸುತ್ತಿತ್ತು. ಲಿಸ್ಟ್ ಹಿಡಿದು ಜೊತೆಗೆ ಹೋಗುವವಳು ನಾನು. ಕೀ ಸಿಗುವುದು ಕಾರ್ಖಾನೆ ಮತ್ತೆ ತೆರೆದಾಗಲೇ.

ಈ ನಿಯಮ ಹಟ ಹಿಡಿದು ಮಾಡಿಸಿದವಳೂ ನಾನೇ. ನನಗೆ ಹತ್ತು ವರ್ಷವಿದ್ದಾಗ ಅಪ್ಪ ಇಂಥದ್ದೇ ಒಂದು ಪಾರ್ಟಿ ಮುಗಿಸಿ ಸ್ಕೂಟರ್ ಹತ್ತಿದ್ದರು. ಮನೆ ತಲುಪಲಿಲ್ಲ. "ಎರಡೇ ಪೆಗ್ ಹಾಕಿದ್ರು ಪಾಪ," ಎಂದು ಜೊತೆಯಲ್ಲಿ ಕುಡಿದವರು ಅಮ್ಮನಿಗೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಆಕಾಶವೇ ಕಳಚಿಬಿದ್ದರೂ ಕುಡಿಯುವ ಗಂಡಸನ್ನು ಕಟ್ಟಿಕೊಳ್ಳುವುದಿಲ್ಲ ಎಂದು ನಿರ್ಧರಿಸಿಬಿಟ್ಟಿದ್ದೆ.

ಆ ವರ್ಷ ಕೀ ಕೊಡದ ಇವರು ಇನ್‌ಸ್ಪೆಕ್ಷನ್ ವಿಭಾಗದವರು. ಅಡ್ಡಹೆಸರು ಮೈಕ್ರೋಮೀಟರ್, ದಿನಾ ಅಳತೆಗೆ ಹಿಡಿಯುವ ಸಲಕರಣೆಯದೇ ಹೆಸರು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಶಾಫ್ಟನ್ನು ವಾಪಸ್ ಕಳಿಸುತ್ತಿದ್ದರು. ಮಾತೂ ಅಳೆದು ತೂಗಿಯೇ. ದಿನಾ ಬೆಳಿಗ್ಗೆ ಟೋಕನ್ ಇಟ್ಟು, ನಾನು ತಲೆಯೆತ್ತುವವರೆಗೂ ಸುಮ್ಮನೆ ನಿಂತಿರುತ್ತಿದ್ದರು.

"ಏನು ಬೇಕು?"

"ದಿನಾ ಬೇಕಾಗಿರೋದೇ."

"ಅದಕ್ಕೊಂದು ಹೆಸರಿಲ್ವಾ?"

"ಇದೆ. ಹೇಳಿದ್ರೆ ನೀವು ಬೇಗ ಕೊಟ್ಟು ಕಳಿಸ್ಬಿಡ್ತೀರಲ್ಲ."

ನನ್ನ ಕಿವಿ ಬಿಸಿಯಾಗುತ್ತಿತ್ತು. ಮೈಕ್ರೋಮೀಟರಿನ ಪುಟ್ಟ ಪೆಟ್ಟಿಗೆ ದಾಟಿಸುವಾಗ ಅವರ ಬೆರಳು ತಾಗದಂತೆ ಎಚ್ಚರ ವಹಿಸುತ್ತಿದ್ದೆ. ನಿಜವಾಗಿಯೂ ತಾಗದಿದ್ದರೆ ಇಡೀ ದಿನ ಬೇಜಾರು.

ಆದರೆ ಮೊದಲ ಮೂರು ವರ್ಷವೂ ಪಾರ್ಟಿಯ ದಿನ ಎಲ್ಲರಿಗಿಂತ ಮೊದಲು ಕೀ ತಂದುಕೊಟ್ಟವರು ಈ ಮಹಾಶಯರೇ. ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನಲ್ಲಿ ತೆಪ್ಪಗೆ ಕೂರುತ್ತಿದ್ದರು. ಉಳಿದವರು ಹಾಡುತ್ತಿದ್ದರು, ಅಳುತ್ತಿದ್ದರು, ಹೆಂಡತಿಯರನ್ನು ಹೊಗಳುತ್ತಿದ್ದರು. ಇಡೀ ಬಸ್ಸೇ ನಾರುತ್ತಿರುವಾಗ ಯಾರ ಬಾಯಿಯ ವಾಸನೆ ಯಾವುದು ಎಂದು ಯಾರಿಗೆ ಗೊತ್ತಾಗಬೇಕು? ಇವರದು ಸದ್ದಿಲ್ಲದ ಕುಡಿತ, ಅದು ಇನ್ನೂ ಅಪಾಯ ಅಂದುಕೊಂಡೆ.

ನಾಲ್ಕನೇ ವರ್ಷ, ನವೆಂಬರಿನ ಒಂದು ಬೆಳಿಗ್ಗೆ ಅವರು ಕೇಳಿಯೇಬಿಟ್ಟರು.

"ನಿಮ್ಮಮ್ಮನ್ನ ಬಂದು ಮಾತಾಡಿಸ್ಲಾ? ನಮ್ಮಿಬ್ಬರ ವಿಷಯ."

"ಬೇಡ."

"ಯಾಕೆ ಅಂತ ಕೇಳಬಹುದಾ?"

"ಕೇಳಬೇಡಿ."

ಅವರು ಕೇಳಲಿಲ್ಲ. ಮರುದಿನದಿಂದ "ಮೈಕ್ರೋಮೀಟರ್ ಕೊಡಿ" ಎಂದು ನೇರವಾಗಿ ಹೆಸರು ಹೇಳಿ, ತೆಗೆದುಕೊಂಡು ಹೋಗತೊಡಗಿದರು. ಡಿಸೆಂಬರಿನಲ್ಲಿ ಸುದ್ದಿ ಬಂತು: ಅವರಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿದೆಯಂತೆ, ಇದೇ ಕೊನೆಯ ತಿಂಗಳಂತೆ.

ಪಾರ್ಟಿಯ ದಿನ ಒಬ್ಬೊಬ್ಬರೇ ಬಂದು ಕೀ ಕೊಟ್ಟರು. ಅವರು ಬರಲಿಲ್ಲ. ಐದಕ್ಕೆ ಹತ್ತು ನಿಮಿಷವಿದ್ದಾಗ, ಎಲ್ಲರೂ ದೊಡ್ಡಪ್ಪ ಎಂದು ಕರೆಯುವ ಫೋರ್‌ಮನ್ ತೂರಾಡುತ್ತಾ ಬಂದು ಕಿಟಕಿ ಹಿಡಿದು ನಿಂತರು.

"ಮಗಳೇ, ನಿನ್ನ ಮೈಕ್ರೋಮೀಟರ್ ಬೈಕ್ ಸ್ಟಾರ್ಟ್ ಮಾಡ್ತಾ ಇದಾನೆ."

ಓಡಿದೆ. ಚಪ್ಪಲಿ ಒಂದು ಕಡೆ, ನಾನೊಂದು ಕಡೆ. ಗೇಟಿನ ಬಳಿ ಬೈಕಿಗೆ ಅಡ್ಡ ನಿಂತೆ.

"ಕೀ ಕೊಡಿ."

"ಯಾಕೆ?"

"ಕುಡಿದು ಗಾಡಿ ಓಡಿಸೋಕೆ ಬಿಡಲ್ಲ. ಹೋಗಲೇಬೇಕು ಅಂದ್ರೆ ನನ್ನ ಮೇಲೆ ಹತ್ತಿಸ್ಕೊಂಡು ಹೋಗಿ."

"ನಾನು ಕುಡಿದಿಲ್ಲ ಮೇಡಂ."

"ಕುಡಿದೋರೆಲ್ಲ ಹೇಳೋದು ಅದನ್ನೇ."

"ಹಾಗಾದ್ರೆ ಕುಡಿಯದೋರು ಏನು ಹೇಳಬೇಕು?"

ಅವರು ಹೆಲ್ಮೆಟ್ ತೆಗೆದು, ಬಗ್ಗಿ, ನನ್ನ ಮುಖದ ಹತ್ತಿರ ಮೆಲ್ಲಗೆ ಉಸಿರು ಬಿಟ್ಟರು. ಬರೀ ನಿಂಬೆಹಣ್ಣಿನ ವಾಸನೆ. ಅಷ್ಟು ಹತ್ತಿರದಿಂದ ಅವರ ಕಣ್ಣು ನೋಡಿದ್ದು ಅದೇ ಮೊದಲು.

"ಮತ್ತೆ ಮೂರು ವರ್ಷ ಕೀ ಯಾಕೆ ಕೊಟ್ರಿ?"

"ಕೀ ಕೊಟ್ಟೋರಿಗೆ ಮಾತ್ರ ಬಸ್ಸು. ಬಸ್ಸಲ್ಲಿ ನೀವಿರ್ತೀರಿ. ನನ್ನ ಮನೆ ಕೊನೇ ಸ್ಟಾಪು. ಒಂದೂವರೆ ಗಂಟೆ ನಿಮ್ಮ ಹಿಂದೆ ಕೂತಿರಬಹುದಿತ್ತು."

"ಕುಡುಕ ಅನ್ನಿಸ್ಕೊಂಡಾದ್ರೂ?"

"ನೀವು ಹಾಗೆ ಅಂದ್ಕೋತೀರ ಅಂತ ಹೊಳೀಲೇ ಇಲ್ಲ. ದಿನವೆಲ್ಲ ಅಳೀತೀನಿ, ಇದೊಂದನ್ನ ಅಳೀಲಿಲ್ಲ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಈ ವರ್ಷ ಯಾಕೆ ಕೊಡ್ಲಿಲ್ಲ?"

"ನೀವು ಬೇಡ ಅಂದ್ಮೇಲೆ ಯಾವ ಮುಖ ಇಟ್ಕೊಂಡು ಬಂದು ಕೂರ್ಲಿ?"

ಹಿಂದಿನಿಂದ ಬಸ್ಸಿನ ಹಾರ್ನ್ ಕೇಳಿಸಿತು. ಇನ್ನೊಂದು ನಿಮಿಷ ಸುಮ್ಮನಿದ್ದರೆ ಅವರು ಹೋಗಿಬಿಡುತ್ತಾರೆ ಎಂದು ಭಯವಾಯಿತು. ಯಾರಿಗೂ ಹೇಳದಿದ್ದನ್ನು ಗೇಟಿನಲ್ಲಿ ನಿಂತು ಹೇಳಿಬಿಟ್ಟೆ.

"ನಮ್ಮಪ್ಪ ಕುಡಿದು ಗಾಡಿ ಓಡಿಸಿ ಸತ್ರು. ಅವರು ಕುಡಿಯೋಕೆ ಹೋದಾಗೆಲ್ಲ ಅಮ್ಮ ಬಾಗಿಲ ಹತ್ರ ನಿಂತು ಗಾಡಿ ಸದ್ದು ಕೇಳಿಸ್ಕೋತಿದ್ರು. ಹಾಗೆ ಕಾಯೋಕೆ ನನ್ನ ಕೈಲಿ ಆಗಲ್ಲ. ಬೇಡ ಅಂದಿದ್ದು ಅದೊಂದೇ ಕಾರಣಕ್ಕೆ."

"ಅದೊಂದೇನಾ?"

"ಒಂದೇ. ಬೇರೆ ಏನಿದ್ರೂ ನೀವು ಅಂದ್ರೆ ನನಗೆ ಇಷ್ಟ."

ಅವರು ಇಂಜಿನ್ ಆಫ್ ಮಾಡಿ, ಬೈಕನ್ನು ಗೋಡೆ ಬದಿಗೆ ತಳ್ಳಿ ನಿಲ್ಲಿಸಿದರು. ದೊಡ್ಡಪ್ಪ ಬಸ್ಸಿನಿಂದ ತಲೆ ಹೊರಹಾಕಿ, "ಲೋ, ಕುಡಿಯದೋರಿಗೆ ಸೀಟಿಲ್ಲ ಕಣೋ," ಅಂದರು. ಇವರು ಕೇಳಿಸಿದರೂ ಕೇಳಿಸದವರಂತೆ ಹತ್ತಿ, ನನ್ನ ಪಕ್ಕದಲ್ಲಿ ಕೂತರು. ಹಿಂದಿನ ಸೀಟು ಅವತ್ತು ಖಾಲಿಯೇ ಉಳಿಯಿತು.

ಮದುವೆಯಾಗಿ ಇಪ್ಪತ್ತೇಳು ವರ್ಷವಾಯಿತು. ಆ ಕಾರ್ಖಾನೆ ಮುಚ್ಚಿದೆ, ದೊಡ್ಡಪ್ಪ ಇಲ್ಲ. ಇವರನ್ನು ಮಾತ್ರ ಗೆಳೆಯರು ಎಲ್ಲ ಪಾರ್ಟಿಗೂ ಎಳೆದುಕೊಂಡು ಹೋಗುತ್ತಾರೆ. ಕುಡಿದವರನ್ನೆಲ್ಲ ಮನೆಗೆ ಬಿಟ್ಟು ಬರಲು ಒಬ್ಬ ಬೇಕಲ್ಲ. ಹಾಗಾಗಿ ಇವರು ಬರುವುದು ಯಾವಾಗಲೂ ತಡ. ಅಷ್ಟರಲ್ಲಿ ನಾನು ಉಂಡು, ಬಾಗಿಲು ಹಾಕಿ, ಗೊರಕೆ ಹೊಡೆಯುತ್ತಿರುತ್ತೇನೆ. ಗಂಡ ಬರುವವರೆಗೂ ಕಾಯದ ಹೆಂಡತಿ ಎಂದು ಗೆಳೆಯರು ಇವರನ್ನು ರೇಗಿಸುತ್ತಾರಂತೆ. ನಮ್ಮಮ್ಮನಿಗೆ ಒಂದು ದಿನವೂ ಸಿಗದ ನಿದ್ದೆ ಅದು, ಆ ಗೆಳೆಯರಿಗೇನು ಗೊತ್ತು.