ತುದಿ ಕಟ್ಟದ ಹಗ್ಗ

“ಏನಾದ್ರೂ ಮಾಡ್ಕೊಳ್ಳಿ ಸ್ವಾಮಿ, ಈ ಸೂರಿನ ಕೆಳಗೆ ಗಂಟು ಮಾತ್ರ ಹಾಕಬೇಡಿ” ಎಂದು ಊರಿನ ಹಿರಿಯಳು ದೊಡ್ಡಮ್ಮ ಹೇಳಿದಾಗ ಯಂತ್ರಣ್ಣ ನಕ್ಕುಬಿಟ್ಟ. ಹಗ್ಗ ಹೊಸೆದೇ ಹೊಟ್ಟೆ ಹೊರೆಯುವ ಊರು ಗಂಟಿಗೆ ಹೆದರುವುದೆಂದರೆ ಮೀನು ನೀರಿಗೆ ಹೆದರಿದ ಹಾಗೆ.

ಅವನಿಗೂ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಅದನ್ನು ಬಳಸುವ ಗೋಜಿಗೆ ಊರು ಹೋಗಿರಲಿಲ್ಲ. ಹಾಯಿಹಡಗುಗಳು ಮೂಲೆ ಸೇರಿ ಹೊಗೆಹಡಗುಗಳು ಬರತೊಡಗಿದ್ದ ಕಾಲ. ಹಡಗಿನ ಕಂಪನಿ ಹಗ್ಗ ಹೊಸೆಯುವ ಕಬ್ಬಿಣದ ಯಂತ್ರವೊಂದನ್ನು ಈ ಗುಡ್ಡಗಾಡಿಗೆ ಕಳಿಸಿತ್ತು. ಅದರ ಜೊತೆ ಇವನನ್ನೂ. ಎದುರಿಗೆ ಸ್ವಾಮಿ, ಬೆನ್ನ ಹಿಂದೆ ಯಂತ್ರಣ್ಣ.

ಹಗ್ಗ ಹೊಸೆಯುವ ಜಾಗಕ್ಕೆ ಅಲ್ಲಿ ಹುರಿಮನೆ ಎನ್ನುತ್ತಿದ್ದರು. ಅದು ಮನೆಯೂ ಅಲ್ಲ, ಕೋಣೆಯೂ ಅಲ್ಲ, ಬರೀ ಉದ್ದ. ಬಿಸಿಲು ತಾಗಿದರೆ ನಾರು ಬಿರುಸಾಗುತ್ತದೆಂದು ಕಿಟಕಿಯೇ ಇರಲಿಲ್ಲ. ಹಸಿ ನಾರಿನ ಕೊಳೆತ ಸಿಹಿ ವಾಸನೆ, ಕುದಿದ ಡಾಂಬರಿನ ಕಮಟು. ಹೊಸೆಯುವವರು ಸೊಂಟಕ್ಕೆ ನಾರು ಸುತ್ತಿಕೊಂಡು, ಬೆರಳ ಸಂದಿನಿಂದ ಎಳೆ ಬಿಡುತ್ತ, ಹಿಂದುಹಿಂದಕ್ಕೆ ಹೆಜ್ಜೆಯಿಡುತ್ತ ಕತ್ತಲಲ್ಲಿ ಕರಗಿಹೋಗುತ್ತಿದ್ದರು. ಹಿಂದಕ್ಕೆ ನಡೆದೇ ಬದುಕುವ ಜನ ಮುಂದೆ ಬರುವುದಾದರೂ ಹೇಗೆ ಎಂದು ಯಂತ್ರಣ್ಣ ಹೆಂಡತಿಯ ಮುಂದೆ ಚಟಾಕಿ ಹಾರಿಸಿದ್ದ.

“ನೀವೊಂದು ದಿನ ಹಂಗೆ ನಡೆದು ತೋರ್ಸಿ, ಎಡವದೆ” ಎಂದಿದ್ದಳು ಅವಳು, ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು.

ಎರಡು ಸಲ ತೊಟ್ಟಿಲು ತಂದು ಎರಡು ಸಲವೂ ವಾಪಸು ಕೊಟ್ಟ ಸಂಸಾರ ಅದು. ಈ ಸಲ ಅವಳನ್ನು ಕಣ್ಣಳತೆಯಲ್ಲೇ ಇಟ್ಟುಕೊಳ್ಳಬೇಕೆಂದು ಜೊತೆಗೇ ಕರೆತಂದಿದ್ದ. ದಿನ ತುಂಬುವುದರೊಳಗೆ ಯಂತ್ರ ಓಡಿಸಿ ತೋರಿಸಿದರೆ ಪಟ್ಟಣಕ್ಕೆ ಹಿಂತಿರುಗಬಹುದು; ಅಲ್ಲಿ ಆಸ್ಪತ್ರೆಯಿತ್ತು, ಡಾಕ್ಟರಿದ್ದರು. ಅವನ ಅವಸರವೆಲ್ಲ ಅದಕ್ಕೇ. ಊರಿನವರು ಅದನ್ನು ದುಡ್ಡಿನಾಸೆ ಎಂದುಕೊಂಡರು. ಅವನೂ ತಿದ್ದಲು ಹೋಗಲಿಲ್ಲ.

ಗಂಟಿನ ಕತೆಯನ್ನು ದೊಡ್ಡಮ್ಮ ಎಳೆ ಬಿಡಿಸುತ್ತಲೇ ಹೇಳಿದ್ದಳು. ಹಿಂದೊಮ್ಮೆ ಸರ್ಕಾರ ನೇಣಿಗೆಂದು ಇಲ್ಲಿಂದ ಹಗ್ಗ ತರಿಸಿತಂತೆ. ಇವರು ಯಾರಿಗೆ ಏನೆಂದು ಕೇಳದೆ ಹೊಸೆದು, ಕುಣಿಕೆಯ ಗಂಟನ್ನೂ ಹಾಕಿಕೊಟ್ಟರಂತೆ. ಅದು ಬಿದ್ದದ್ದು ಇದೇ ಊರಿನವನೊಬ್ಬನ ಕೊರಳಿಗೆ. ಅವನ ಬಸುರಿ ಹೆಂಡತಿ ಹುರಿಮನೆಗೆ ಬಂದು, ತಲೆಗೂದಲು ಕಿತ್ತು ನಾರಿನ ಜೊತೆ ಹೊಸೆದು, ಮಂತ್ರ ಹಾಕಿ, ನಡುಗಂಬದ ಬುಡದಲ್ಲಿ ಹೂತಳು. ಈ ಸೂರಿನ ಕೆಳಗೆ ಯಾರು ಗಂಟು ಹಾಕಿದರೂ ಅದು ಅವರ ಮನೆಯ ಕೂಸಿನ ಕೊರಳು ಹುಡುಕಲಿ ಎಂದಳು. ಆದರೆ ಅವಳೂ ತಾಯಾಗುವವಳು, ಒಂದು ದಾರಿ ಬಿಟ್ಟಳು: ಕಟ್ಟಿದ ಕೈಯೇ ಬಿಚ್ಚಿದರೆ ಗಂಟು ಸುಮ್ಮನಾಗುತ್ತದೆ. ಕಬ್ಬಿಣದಿಂದ ಕತ್ತರಿಸಿದರೆ ಮಾತ್ರ ಅದು ಆ ಮನೆಯಿಂದ ತನ್ನ ಪಾಲು ತೆಗೆದುಕೊಳ್ಳದೆ ಹೋಗುವುದಿಲ್ಲ.

ಅಂದಿನಿಂದ ಈ ಊರಿನ ಹಗ್ಗಕ್ಕೆ ತುದಿ ಕಟ್ಟುವುದಿಲ್ಲ. ಬಿಚ್ಚಿಕೊಳ್ಳದಿರಲೆಂದು ತುದಿಯನ್ನು ಡಾಂಬರಿನಲ್ಲಿ ಅದ್ದಿ ಕೊಡುತ್ತಾರೆ, ಗಂಟು ಕೊಂಡವರ ಪಾಲಿಗೆ. ಅವರ ಮಾತಿಗೂ ಹಗ್ಗಕ್ಕೂ ಕೊನೆಯೇ ಇಲ್ಲವೆಂದು ಸುತ್ತಿನ ಹಳ್ಳಿಗಳು ಆಡಿಕೊಳ್ಳುತ್ತಿದ್ದವು.

ಯಂತ್ರಕ್ಕೆ ಈ ಕತೆ ಗೊತ್ತಿರಲಿಲ್ಲ. ಅದರ ಕೊಕ್ಕೆಗೆ ಎಳೆಗಳನ್ನು ಸಿಕ್ಕಿಸಬೇಕಾದರೆ ತುದಿಯಲ್ಲಿ ಗಂಟು ಬೇಕೇ ಬೇಕು. ಊರಿನ ಒಂದು ಕೈಯೂ ಮುಂದೆ ಬರಲಿಲ್ಲ. ಯಂತ್ರ ಓಡಿಸುವ ದಿನ ಹೊರಡುವಾಗ ಹೆಂಡತಿ ಬಾಗಿಲಲ್ಲಿ ತಡೆದು, ಬೇಡ ರೀ, ನನಗೋಸ್ಕರ ಎಂದಳು. “ನಿನಗೋಸ್ಕರಾನೇ ಕಣೇ” ಎಂದು ಅವನು ಚಪ್ಪಲಿ ಮೆಟ್ಟಿದ.

ಗಂಟನ್ನು ತಾನೇ ಹಾಕಿದ. ಗಟ್ಟಿ ಗಂಟು.

ಚಕ್ರ ತಿರುಗಿತು. ಕಬ್ಬಿಣ ಕಿರುಗುಟ್ಟಿತು. ಎಳೆಗಳು ಒಂದನ್ನೊಂದು ತಬ್ಬಿಕೊಂಡು ನಡುಗಿದವು. ಹೊಸೆಯುವವರು ಒಬ್ಬೊಬ್ಬರಾಗಿ ಹೊರಗೆ ಸರಿದರು. ದೊಡ್ಡಮ್ಮ ಮಾತ್ರ ಹೊಸ್ತಿಲಲ್ಲಿ ಉಳಿದಳು. ಯಾರೂ ಇಲ್ಲದ ಆ ಉದ್ದದ ಕೊನೆಯಲ್ಲಿ ಯಾರೋ ಹಿಂದುಹಿಂದಕ್ಕೆ ನಡೆಯುವ ಸದ್ದು ಕೇಳಿತು. ಹೆಂಗಸಿನ ಹೆಜ್ಜೆ. ಭಾರದ ಹೆಜ್ಜೆ. ಇಲಿ ಇರಬೇಕು ಎಂದುಕೊಂಡ. ಇಲಿ ಅಷ್ಟು ನಿಧಾನವಾಗಿ ನಡೆಯುವುದಿಲ್ಲವೆಂದೂ ಅವನಿಗೆ ಗೊತ್ತಿತ್ತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಸೂಲಗಿತ್ತಿಯ ನಾದಿನಿ ಏದುಸಿರು ಬಿಡುತ್ತ ಬಂದಳು. ಹೊತ್ತಿಗೆ ಮೊದಲೇ ನೋವು ಶುರುವಾಗಿತ್ತು. ಕೂಸಿನ ತಲೆ ಕಾಣುತ್ತಿತ್ತು, ಹೊರಗೆ ಬರುತ್ತಿರಲಿಲ್ಲ.

“ಕೊರಳಿಗೆ ಹೊಕ್ಕುಳಬಳ್ಳಿ ಸುತ್ಕೊಂಡಿದೆ. ಅತ್ತಿಗೆ ಬೆರಳು ಹಾಕಿದಷ್ಟೂ ಬಿಗೀತಿದೆ.”

ಯಂತ್ರಣ್ಣ ಅವಳ ಮುಖ ನೋಡಿದ. ಆಮೇಲೆ ದೊಡ್ಡಮ್ಮನ ಮುಖ. ದೊಡ್ಡಮ್ಮ ಬೈಯಲಿಲ್ಲ, ನಾನು ಹೇಳಿರಲಿಲ್ಲವೇ ಎನ್ನಲಿಲ್ಲ. “ಹೋಗಪ್ಪ, ಬಿಚ್ಚು” ಎಂದಳು. “ಬೆರಳಲ್ಲೇ ಬಿಚ್ಚು.”

ಸೂಲಗಿತ್ತಿಯ ನಾದಿನಿ ಮನೆಯತ್ತ ವಾಪಸು ಓಡಿದಳು. ಅವನು ಚಕ್ರ ನಿಲ್ಲಿಸಿದ. ಕೊಕ್ಕೆಯ ಬಳಿ ಮೊಣಕಾಲೂರಿದ. ಗಂಟು ಅವನು ಹಾಕಿದ್ದಕ್ಕಿಂತ ದಪ್ಪಗಾಗಿತ್ತು. ಒದ್ದೆಯಾಗಿತ್ತು. ಬೆಚ್ಚಗಿತ್ತು. ಬೆರಳಿಟ್ಟಾಗ ಒಳಗೆ ಏನೋ ಮಿಡಿಯಿತು. ಉಗುರು ತೂರಿಸಿದ. ಉಗುರು ಮುರಿಯಿತು. ಹಲ್ಲು ಹಾಕಿದ. ಬಾಯಲ್ಲಿ ಡಾಂಬರು, ಉಪ್ಪು, ಕೂದಲು. ಉದ್ದನೆಯ ಕೂದಲು. ಉಗುಳಿದ. ಮತ್ತೆ ಕಚ್ಚಿದ. ಒಂದು ಸುತ್ತು ಸಡಿಲವಾಯಿತು. ಇನ್ನೊಂದು ಸರಿಯಿತು. ಹಿಂದೆ ಹೆಜ್ಜೆ ನಿಂತಿತು. ಕತ್ತಿನ ಹಿಂಭಾಗಕ್ಕೆ ಯಾರದೋ ಉಸಿರು ತಾಗಿತು. ಅವನು ತಿರುಗಲಿಲ್ಲ. ಇನ್ನು ಒಂದೇ ಸುತ್ತು. ಬರುತ್ತಿತ್ತು. ತೀರಾ ನಿಧಾನವಾಗಿ, ಆದರೆ ಬರುತ್ತಿತ್ತು.

ಆಗ ಮನೆಯ ಕಡೆಯಿಂದ ಹೆಂಡತಿಯ ಚೀರು ಕೇಳಿತು.

ಕಾಯುವುದು ಅವನಿಗೆ ಒಗ್ಗಿದ ವಿದ್ಯೆಯಲ್ಲ. ಕೈ ತಾನಾಗಿ ಸೊಂಟದ ಚಾಕುವಿಗೆ ಹೋಯಿತು. ದೊಡ್ಡಮ್ಮ ಬೇಡಾ ಎಂದದ್ದು ಕಿವಿಗೆ ಬಿತ್ತು. ಅಷ್ಟರಲ್ಲಿ ಕೈ ಇಳಿದಿತ್ತು. ಹಗ್ಗ ಎರಡಾಯಿತು. ತುಂಡಾದ ತುದಿಗಳಿಂದ ಕಪ್ಪಗೆ ಏನೋ ತೊಟ್ಟಿಕ್ಕಿತು. ಒಂದು ಗಳಿಗೆ ಊರೆಲ್ಲ ಮೌನ.

ಮೌನವನ್ನು ಕೂಸಿನ ಅಳು ಸೀಳಿತು.

ಗಟ್ಟಿ ಅಳು. ಜಗಳಗಂಟಿ ಅಳು. ಯಂತ್ರಣ್ಣ ನಕ್ಕ, ಅತ್ತ, ಚಾಕು ಬಿಸಾಡಿ ಓಡಿದ. ಎದುರಾದ ಹೊಸೆಯುವವರು ದಾರಿ ಬಿಟ್ಟು ನಿಂತರು. ಎಲ್ಲರೂ ಕಣ್ಣು ಕೆಳಗೆ ಹಾಕಿದ್ದನ್ನು ಅವನು ಗಮನಿಸಲಿಲ್ಲ.

ಕೋಣೆಯಲ್ಲಿ ನೆತ್ತರಿನ ವಾಸನೆ ಗೋಡೆಯಂತೆ ನಿಂತಿತ್ತು. ಬಟ್ಟೆಗಳೆಲ್ಲ ಒದ್ದೆ. ಮೂಲೆಯಲ್ಲಿ ನಾದಿನಿಯ ತೋಳಿನಲ್ಲಿ ಕೂಸು ಕೈಕಾಲು ಬಡಿಯುತ್ತಿತ್ತು. ಚಾಪೆಯ ಮೇಲೆ ಹೆಂಡತಿ ಬಾಗಿಲ ಕಡೆಗೆ ಮುಖ ಮಾಡಿ ಮಲಗಿದ್ದಳು. ಕಣ್ಣು ಪೂರ್ತಿ ಮುಚ್ಚಿರಲಿಲ್ಲ.

“ನಿಲ್ಲಲೇ ಇಲ್ಲ” ಎಂದಳು ಸೂಲಗಿತ್ತಿ, ಕೆಂಪಾದ ತನ್ನ ಕೈಗಳಿಗೇ ವರದಿ ಒಪ್ಪಿಸುವವಳಂತೆ. ಕೂಸು ಬಂದ ತುಸು ಹೊತ್ತಿಗೇ ನೆತ್ತರು ಶುರುವಾಯಿತಂತೆ. ಒತ್ತಿ ಹಿಡಿದರೂ ಕೇಳಲಿಲ್ಲವಂತೆ. ಇಂಥದ್ದು ಎಲ್ಲ ಊರಿನಲ್ಲೂ ಆಗುತ್ತದೆ, ಇದಕ್ಕೆ ವೈದ್ಯರ ಪುಸ್ತಕದಲ್ಲಿ ಹೆಸರಿದೆ ಎಂಬುದು ಯಂತ್ರಣ್ಣನಿಗೆ ಗೊತ್ತಿತ್ತು. ಗೊತ್ತಿರುವುದರಿಂದ ಏನೂ ಆಗಲಿಲ್ಲ.

ಅವಳು ಕೂಸನ್ನು ನೋಡಿದಳೇ ಎಂದು ಕೇಳಿದ.

ಸೂಲಗಿತ್ತಿ ಕೈಗಳನ್ನು ಸೆರಗಿಗೆ ಒರೆಸಿಕೊಂಡಳು. “ಗಂಡೋ ಹೆಣ್ಣೋ ಅಂತ ಕೇಳಿದ್ರು. ಆಗಿನ್ನೂ ಚೆನ್ನಾಗೇ ಇದ್ರು ಸ್ವಾಮಿ. ತಡಿಯಮ್ಮ, ನಿಮ್ಮ ಯಜಮಾನ್ರೇ ಬಂದು ಹೇಳ್ಲಿ, ಅಷ್ಟೇನು ಅವಸರ ಅಂದೆ. ತಮಾಷೆಗೆ ಅಂದೆ. ಅವರೂ ನಕ್ಕು, ಬಾಗಿಲು ನೋಡ್ತಾ ಮಲಗಿದ್ರು.”

ಯಂತ್ರಣ್ಣ ನಾದಿನಿಯ ಹತ್ತಿರ ಹೋಗಿ ಬಟ್ಟೆ ಸರಿಸಿ ನೋಡಿದ. ಮತ್ತೆ ಚಾಪೆಯ ಬಳಿ ಬಂದು ಕೂತು, ಹೆಂಡತಿಯ ಹಣೆಗೆ ಅಂಟಿದ್ದ ಕೂದಲನ್ನು ಬೆರಳಿನಿಂದ ಒಂದೊಂದಾಗಿ ಬಿಡಿಸಿದ. ಯಾವ ಆತುರವೂ ಇಲ್ಲದೆ ಬಿಡಿಸಿದ. ಆಮೇಲೆ ಅವಳ ಕಿವಿಯ ಹತ್ತಿರ ಬಾಗಿದ.

“ಹೆಣ್ಣು ಕಣೇ” ಎಂದ.